ಸೌಟಿನ ಹೊಳೆ

ನಮ್ಮ ಯಜಮಾನರು ಗವಿಸಿದ್ದಯ್ಯನವರು ತೀರಿಕೊಳ್ಳುವ ಹಿಂದಿನ ದಿನವೂ ಬೆಳಿಗ್ಗೆ ನಾನು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಜಗಲಿಯ ಮೇಲೆ ಹರವಿಕೊಂಡು ಕೂತಿದ್ದರು. ಚಳಿ ಶುರುವಾದರೆ ಅವರಿಗೆ ಇದೇ ಕೆಲಸ, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ದಾರಿ ಆರಿಸುವುದು. ಕಾಫಿ ಲೋಟ ನಮ್ಮ ಸಾತನೂರು, ಬೋರಲು ಹಾಕಿದ ಮುದ್ದೆ ಪಾತ್ರೆ ಬೆಟ್ಟ, ನಡುವೆ ಮಲಗಿಸಿದ ಸೌಟು ಕಾವೇರಿ. ಸಾರು ಬಡಿಸಲು ಸೌಟು ಕೊಡಿ ಅಂದರೆ, “ತಡಿಯಮ್ಮಿ, ಹೊಳೆ ತುಂಬೈತೆ” ಅನ್ನುವರು. ಜೊತೆಗೆ ನಡೆಯುವವರು ಎಷ್ಟು ಬಯ್ದರೂ ಕೊನೆಗೆ ಸೌಟಿನ ಮೇಲೆ ಮುದ್ದೆ ಕೋಲನ್ನು ಅಡ್ಡ ಇಟ್ಟು, “ಸೇತುವೆ ಮೇಲೇ ಹೋಗವಾ, ಟಾರ್ ರೋಡು” ಎಂದು ಪ್ರತಿ ವರ್ಷವೂ ಸುತ್ತು ದಾರಿಯನ್ನೇ ಹಿಡಿಯುವರು. “ನೀರ್ ಕಂಡ್ರೆ ಭಯನೇನ್ಲಾ? ಸಂಗಮದಲ್ಲಿ ಬಂಡೆ ಮೇಲೆ ಹೊಳೆ ದಾಟ್ಬುಟ್ರೆ ಎಷ್ಟು ಹತ್ರ” ಎಂದು ಗೆಳೆಯ ಬಾಲರಾಜು ಅಂದೂ ಹಂಗಿಸಿದ. ಇವರು ದನಿ ತಗ್ಗಿಸಿದರು. ಆದರೂ ಒಳಗಿದ್ದ ನನಗೆ ಕೇಳಿಸಿತು: “ನಂಗಲ್ಲ ಕಣ್ಲಾ. ಅವಳ ಮಂಡಿ ನೋವು ನಿಂಗೊತ್ತಲ್ಲ. ಯಾವತ್ತಾದ್ರೂ ನಾನೂ ಬತ್ತೀನಿ ಅಂದ್ರೆ, ಆ ಬಂಡೆ ಮೇಲೆ ಹೆಂಗ್ ಕಾಲಿಡ್ತಾಳೆ?” ನಾನು ಒಂದು ವರ್ಷವೂ ಬರುತ್ತೇನೆ ಅಂದವಳಲ್ಲ. ಈ ಚಳಿಗೆ ಬಾಲರಾಜು ಬಂದು, “ಅಕ್ಕ, ಈ ಸಲ ಸಂಗಮದ ದಾರಿಲೇ ಹೋಯ್ತೀವಿ” ಅಂದ. “ಆಗಲ್ಲ. ಸೇತುವೆ ಮೇಲೇ. ನಾನೂ ಬತ್ತೀನಿ” ಅಂದೆ. ಈಗಲೂ ದಿನಾ ಬೆಳಿಗ್ಗೆ ಪಾತ್ರೆ ತೊಳೆದು ಜಗಲಿಯ ಬಿಸಿಲಿಗೆ ಹಾಕುತ್ತೇನೆ. ಸೌಟನ್ನು ಮಲಗಿಸಿ, ಅದರ ಮೇಲೆ ಕೋಲನ್ನು ಅಡ್ಡ ಇಡುತ್ತೇನೆ.