ಮುನಿಗಂಗಮ್ಮನ ಒನಕೆ

ಕೊಡಿಗೇಹಳ್ಳಿಯ ಮುನಿಗಂಗಮ್ಮನ ಬಾಯಿ ಎಂಥದ್ದೆಂದು ಇಡೀ ಬೀದಿಗೇ ಗೊತ್ತು. ಸೊಪ್ಪಿನವನು ಕೂಡ ಆಕೆಯೊಡನೆ ಚೌಕಾಸಿಗೆ ನಿಲ್ಲುವುದಿಲ್ಲ. ಅಂಥವಳು ಐವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸು ಮಾಡುತ್ತೇನೆಂದು ಸಂಜೆ ಶಾಲೆಗೆ ಸೇರಿ, ಮಾತಾಡಲು ಮೊದಲ ಸಲ ಎದ್ದು ನಿಂತಾಗ ಬಾಯಿಗೆ ಬೀಗ ಬಿದ್ದುಬಿಟ್ಟಿತು! ಹೆಸರು ಹೇಳಿದಳು, ಅಷ್ಟೇ. ಹಿಂದಿನ ಬೆಂಚಿನಿಂದ ಅದೇ ಊರಲ್ಲಿ ಆಟೋ ಓಡಿಸುವ ಬಾಲರಾಜ್, "ಯಾಕಮ್ಮಾ, ಸ್ಟಾರ್ಟಿಂಗ್ ಟ್ರಬಲ್ಲಾ?" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮುನಿಗಂಗಮ್ಮ ಆ ರಾತ್ರಿ ಮುದ್ದೆ ಮುಟ್ಟಲಿಲ್ಲ.

ಪದ್ಮಶ್ರೀ ಟೀಚರ್ ಇನ್ನೊಂದು ಅವಕಾಶ ಕೊಟ್ಟರು. "ನಿಮಗೆ ಇಷ್ಟವಾದ ಒಂದು ವಸ್ತು ತನ್ನಿ. ಅದರ ಬಗ್ಗೆ ಮೂರು ನಿಮಿಷ ಮಾತಾಡಿ. ಚೀಟಿ ನೋಡೋ ಹಾಗಿಲ್ಲ."

ಮುನಿಗಂಗಮ್ಮ ಯೋಚಿಸಲೇ ಇಲ್ಲ. ಅತ್ತೆ ಕೊಟ್ಟ ಒನಕೆ! ಮದುವೆಗೆ ಮುಂಚೆ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಈಗ ಊರಿನಲ್ಲಿ ಉಳಿದಿರುವ ಒನಕೆ ಅದೊಂದೇ. ಚಪಾತಿ ಲಟ್ಟಿಸುತ್ತ, ಬಟ್ಟೆ ಒಗೆಯುತ್ತ ಮಾತು ಜೋಡಿಸಿದಳು. ಒನಕೆಯನ್ನು ನೆಲಕ್ಕೆ ಧಡ್ಡನೆ ಕುಟ್ಟಿಯೇ ಶುರು ಮಾಡುವುದು, ಅದು ಕೈಯಲ್ಲಿದ್ದರೆ ಯಾವ ಬಾಲರಾಜನ ಭಯವೂ ಇಲ್ಲ ಎಂದುಕೊಂಡಳು.

ಭಾಷಣದ ದಿನ ಬೆಳಿಗ್ಗೆ ಹಿಂದಿನ ಬೀದಿಯ ದ್ರೌಪದಮ್ಮ ಅರಿಶಿನ, ಕುಂಕುಮ, ಎಲೆ ಅಡಿಕೆಯ ತಟ್ಟೆ ಹಿಡಿದು ಬಂದಳು. ಮಗಳ ಮದುವೆ. ತಟ್ಟೆ ಹಿಡಿದು ಒನಕೆ ಕೇಳಿದವರಿಗೆ ಇಲ್ಲವೆಂದರೆ ಮದುವೆ ಹೆಣ್ಣಿಗೆ ಒಳ್ಳೆಯದಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಮುನಿಗಂಗಮ್ಮನ ತಲೆ ಓಡುವ ಮೊದಲೇ ಕೈ ತಟ್ಟೆ ಈಸಿಕೊಂಡಿತ್ತು. ಅರಿಶಿನ ಹಚ್ಚಿ ಒನಕೆ ಕಳಿಸಿದಳು. ಅದು ತಿರುವಿನಲ್ಲಿ ಮರೆಯಾದ ಮೇಲೆ ಸಂಜೆಯ ಭಾಷಣ ನೆನಪಾಯಿತು! ಹೋದ ಒನಕೆ ಧಾರೆ ಮುಗಿಯುವ ತನಕ ಹಿಂದೆ ಬರುವಂತಿಲ್ಲ.

"ನನ್ ಬುದ್ಧಿಗಿಷ್ಟು ಬೆಂಕಿ ಆಕ!" ಎಂದು ತಲೆ ಚಚ್ಚಿಕೊಂಡಳು. ಸಂಜೆ ಹೋಗದೆ ಇರಬಹುದಿತ್ತು. ಆದರೆ ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಅಂಜಿದರೆ ಆದೀತೇ? ಬರಿಗೈಯಲ್ಲೇ ಹೋದಳು.

"ವಸ್ತು ಎಲ್ಲಿ ಅಮ್ಮಾ?" ಟೀಚರ್ ಕೇಳಿದರು. ಹಿಂದಿನ ಬೆಂಚಿನಲ್ಲಿ ಆಗಲೇ ಕಿಸಿಕಿಸಿ. ಮುನಿಗಂಗಮ್ಮ ತಲೆ ತಗ್ಗಿಸಿದಳು. ಅಂಗೈಯಲ್ಲಿ ಬೆಳಗಿನ ಅರಿಶಿನ ಇನ್ನೂ ಹಳದಿಯಾಗಿತ್ತು. ನೋಡಿದ್ದೇ ಧೈರ್ಯ ಬಂತು.

"ನನ್ ಒನಕೆಗೆ ಇವತ್ತು ರಜಾ ಸಿಕ್ನಿಲ್ಲ ಟೀಚರ್. ಮದ್ವೆ ಮನೇಗೆ ಡ್ಯೂಟಿಗೆ ಓಗೈತೆ!"

ಎಲ್ಲರೂ ಗೊಳ್ಳೆಂದರು. ಈ ಸಲ ನಗಿಸಿದವಳು ತಾನು ಎಂದು ಗೊತ್ತಾಗಿದ್ದೇ ತಡ, ಬೀಗ ಕಳಚಿ ಬಿತ್ತು.

"ನಮ್ಮತ್ತೆ ನಂಗೆ ಚಿನ್ನ ಕೊಡ್ನಿಲ್ಲ, ಒನಕೆ ಕೊಟ್ರು. ಮನೆಮನೇಗೂ ಮಿಕ್ಸಿ ಬಂತು. ಮದ್ವೆ ಅರಿಶಿನಾನ ಮಿಕ್ಸೀಗೆ ಆಕೋ ಧೈರ್ಯ ಯಾರ್ಗೈತೆ?" ಎರಡೂ ಕೈ ಎತ್ತಿ ಗಾಳಿಯಲ್ಲೇ ಕುಟ್ಟಿ ತೋರಿಸಿದಳು. ಮುಂದಿನ ಸಾಲಿನ ಹೆಂಗಸರು ಬೆಂಚು ಬಡಿದು ತಾಳ ಹಾಕಿದರು. ಆಮೇಲೆ ಹಿಂದಿನ ಬೆಂಚಿನತ್ತ ತಿರುಗಿದಳು. "ಬಾಲರಾಜಪ್ಪಾ, ನಿನ್ ಮದ್ವೆ ಅರಿಶಿನ ಕುಟ್ಟಿದ್ದು ಯಾವ್ ಒನಕೇಲಿ?"

ಬಾಲರಾಜ್ ಎದ್ದು ತಲೆ ಕೆರೆದುಕೊಂಡ. "ನಿಮ್ದೇ ಕಣಮ್ಮಾ."

ಚಪ್ಪಾಳೆಯೋ ಚಪ್ಪಾಳೆ! ಟೀಚರ್ ಗಡಿಯಾರ ನೋಡುವುದನ್ನೇ ಮರೆತಿದ್ದರು.

ಹೊರಡುವಾಗ ಬಾಲರಾಜ್ ಗೇಟಿನ ಹತ್ತಿರ ಕಾದಿದ್ದ. "ಅಮ್ಮಾ, ಮುಂದಿನ್ ತಿಂಗ್ಳು ತಂಗಿ ಮದ್ವೆ. ಒನಕೆ ಬೇಕಿತ್ತು."

ಮುನಿಗಂಗಮ್ಮ ಸೆರಗು ಸಿಕ್ಕಿಸಿಕೊಂಡಳು. "ಎಂಡ್ತಿ ಕೈಲಿ ತಟ್ಟೆ ಕೊಟ್ ಕಳ್ಸು. ಬರೀ ಬಾಯ್ಮಾತಿಗೆ ನನ್ ಒನಕೆ ಸ್ಟಾರ್ಟ್ ಆಗಲ್ಲ ಕಣಪ್ಪಾ!"