ಹುಳದ ಮನೆಗೆ ಬೇಡವಾದ ಹೊಗೆ

ಜಮಖಂಡಿಯಿಂದ ಚಿಕ್ಕಬಳ್ಳಾಪುರ ಕಡೆಯ ಸಾದಲಿಗೆ ಟೀಚರ್ ಕೆಲಸಕ್ಕೆ ಬಂದು, ಬಾಡಿಗೆ ಕೋಣೆ ನೋಡಲು ಹೋದ ದಿನವೇ ನನ್ನನ್ನು ಬಾಗಿಲಲ್ಲಿ ತಡೆದರು. "ಅಲ್ಲೇ ನಿಲ್ಲಿ ಮೇಡಂ. ಸೆಂಟ್ ಹಾಕ್ಕೊಂಡಿದ್ದೀರ, ಹುಳ ಸತ್ತೋಗ್ತವೆ" ಎಂದರು ಮನೆಯೊಡತಿ ರತ್ನಮ್ಮ. ನಮ್ಮ ಕಡೆ ಗುರುತಿಲ್ಲದವರನ್ನೂ ಒಳಗೆ ಕರೆದು ರೊಟ್ಟಿ ಬಡಿಸುತ್ತಾರೆ. ಇಲ್ಲಿ ಹುಳದ ಮನೆಗೆ, ಅಂದರೆ ರೇಷ್ಮೆ ಹುಳ ಸಾಕುವ ಕೋಣೆಗೆ, ಬೀಡಿ ಸೇದಿದವನಿಗೂ ಪ್ರವೇಶವಿಲ್ಲ.

ನಿಧಾನಕ್ಕೆ ಹೊಂದಿಕೊಂಡೆ. ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. ಅರ್ಧ ತೆಲುಗಿನ ಹರಟೆಯಲ್ಲಿ ಎಲ್ಲಿ ನಗಬೇಕೆಂದು ಗೊತ್ತಾಯಿತು. ರತ್ನಮ್ಮನ ಮಗ ಮಂಜು, ಡಿಗ್ರಿ ಓದುವ ಹುಡುಗ, ನನ್ನನ್ನು ಅಕ್ಕ ಎನ್ನತೊಡಗಿದ.

ಅವನು ತೋಟದಲ್ಲಿ ಗೆಳೆಯರೊಂದಿಗೆ ಗಾಂಜಾ ಸೇದುವುದು ಊರಿಗೇ ಗೊತ್ತಿತ್ತು. "ಗಿಡ ತಾನೇ ಮೇಡಂ, ಸಿಗರೇಟಿಗಿಂತ ವಾಸಿ. ಕುಡಿದು ಗಲಾಟೆ ಮಾಡಲ್ವಲ್ಲ" ಎಂದರು ಅವನಪ್ಪ. ಪೊಲೀಸರ ಭಯವಿತ್ತು, ತಲೆ ಕೆಡಬಹುದೆಂಬ ಭಯವಿರಲಿಲ್ಲ. ಮನೆಯಲ್ಲಿದ್ದದ್ದು ಒಂದೇ ಕಟ್ಟಳೆ: ಸೇದಿ ಬಂದರೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಹುಳ ಮುಟ್ಟಬೇಕು.

ಮಳೆಗಾಲದ ಹೊತ್ತಿಗೆ ಮಂಜು ಓದು ಬಿಟ್ಟ, ನಿದ್ದೆ ಬಿಟ್ಟ. "ಅಕ್ಕ, ಅಮ್ಮ ಅನ್ನಕ್ಕೆ ಏನೋ ಬೆರೆಸ್ತಾಳೆ. ಗೋಡೆ ಆ ಕಡೆಯಿಂದ ಹೇಳ್ತಾರೆ" ಎಂದ. ಗೋಡೆಯ ಆ ಕಡೆ ಯಾರೂ ಇರಲಿಲ್ಲ. ಗಾಳಿ ಸೋಕಿದೆಯೆಂದು ರತ್ನಮ್ಮ ಅವನನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ದರು. ಹೋಗಲಿ, ಬೇಡ ಎನ್ನಲು ನಾನ್ಯಾರು? ಆದರೆ ಹಿಂದಿರುಗಿದ ಸಂಜೆಯೇ ಅವನು ಮತ್ತೆ ತೋಟಕ್ಕೆ ಹೋದ. ಬಂದವನನ್ನು ಅಪ್ಪ ತಡೆದು, "ಸ್ನಾನ ಮಾಡೋಗಪ್ಪ, ಹುಳ ಗೂಡು ಕಟ್ಟೋ ಟೈಮು" ಎಂದರು. ನನಗೆ ಮೈಯೆಲ್ಲ ಉರಿಯಿತು.

"ಹುಳದ ಚಿಂತಿ ಐತಿ, ಮಗನ ಚಿಂತಿ ಇಲ್ಲೇನ್ರಿ ನಿಮಗ? ಆ ಹೊಗಿ ಅವನ ತಲಿ ಕೆಡಿಸೇತಿ" ಎಂದು ನಮ್ಮೂರ ಮಾತಿನಲ್ಲೇ ಕೂಗಾಡಿದೆ.

ರತ್ನಮ್ಮ ಕಣ್ಣೊರೆಸಿಕೊಂಡರು. "ಹುಳಕ್ಕೆ ಹೊಗೆ ಆಗಲ್ಲ ಅಂತ ರೇಷ್ಮೆ ಇಲಾಖೆಯವರು ಮನೆ ಬಾಗಿಲಿಗೆ ಬಂದು ಹೇಳಿದ್ರು ಮೇಡಂ. ಮಗನ ವಿಷಯಕ್ಕೆ ಯಾರು ಬಂದ್ರು?"

ಯಾರೂ ಬಂದಿರಲಿಲ್ಲ. ಮಕ್ಕಳ ಕೈಗೆ 'ಮಾದಕ ವಸ್ತು ಬೇಡ' ಎಂಬ ಬ್ಯಾನರ್ ಕೊಟ್ಟು ಜಾಥಾ ಮಾಡಿ, ಫೋಟೊ ತೆಗೆಸಿಕೊಂಡು ಹೋಗುವವರಿಗೆ ಗಾಂಜಾ ತಲೆಗೆ ಏನು ಮಾಡುತ್ತದೆಂದು ಹೇಳಲು ಬಾಯಿ ಬರುವುದಿಲ್ಲ. ಮರುದಿನ ಮಂಜುವನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದೆವು. ಮದ್ದು ಬೇಕು, ಗಾಂಜಾ ಪೂರ್ತಿ ಬಿಡಬೇಕು, ವಾಸಿಯಾಗಲು ಸಮಯ ಹಿಡಿಯುತ್ತದೆ ಎಂದರು ಡಾಕ್ಟರು.

ದಸರಾ ರಜೆಗೆ ಊರಿಗೆ ಬಾ ಎಂದು ಅವ್ವ ಫೋನು ಮಾಡಿದಳು. "ಈಗ ಬರಾಕ ಆಗಂಗಿಲ್ಲಬೇ, ನಮ್ಮ ಹುಡುಗನ್ನ ದವಾಖಾನಿಗೆ ತೋರಿಸಬೇಕು" ಎಂದೆ.

"ನಮ್ಮ ಹುಡುಗ ಅಂದ್ರ ಯಾರವಾ? ನಿನ್ನ ತಮ್ಮ ಇಲ್ಲೇ ಅದಾನಲ್ಲ."

"ಅವನೂ ಏನರ ಸೇದತಾನೇನಬೇ, ನೋಡಿಯೇನು?"

"ಅದು ಬರೇ ಗಿಡ ಅಲ್ಲೇನವಾ, ಇಲ್ಲಿ ಹುಡುಗರೆಲ್ಲ ಸೇದತಾರ" ಎಂದಳು ಅವ್ವ. ಎರಡೂ ಊರಿನವರೇ, ನಾನೀಗ ಯಾವ ಬಸ್ಸು ಹತ್ತಲಿ, ಚಿಕ್ಕಬಳ್ಳಾಪುರದ್ದೋ ಜಮಖಂಡಿಯದೋ?