ಅಟ್ಟ ಹತ್ತದ ಬೆಕ್ಕು

ದೊಡ್ಡಮ್ಮನ ಸೀರೆಯಲ್ಲಿ ಮಂಡಿಯ ಜಾಗಕ್ಕೆ ಸರಿಯಾಗಿ ಎರಡು ಎಣ್ಣೆ ಕಲೆ ಇರುತ್ತಿದ್ದವು. ಎಷ್ಟು ಒಗೆದರೂ ಹೋಗದ ಕಲೆ. ನಮ್ಮ ಎದುರುಮನೆಯವರು ಅವರು. ಮಂಡಿನೋವಿಗೆ ಬಿಸಿ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಲೇ ಬೀದಿಯವರ ಕಷ್ಟಸುಖವನ್ನೆಲ್ಲ ವಿಚಾರಿಸುತ್ತಿದ್ದರು. ಅವರದನ್ನು ಕೇಳಿದರೆ ಮಾತ್ರ, "ಇರ್ತದೆ ಬುಡು."

ಅವರ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ. ಅದು ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ಅಷ್ಟು ದಿನವೂ ಇಲಿಯಿಂದ ಕಾಯುವುದು ಕೆಂಚಿ ಎಂಬ ಮುದಿ ಬೆಕ್ಕಿನ ಕೆಲಸ.

ಹೋದ ವರ್ಷ ಕೆಂಚಿ ಅಟ್ಟ ಹತ್ತುವುದನ್ನು ನಿಲ್ಲಿಸಿತು. ಹಾಲು ಕುಡಿದು ಸೋಮಾರಿಯಾಗಿದೆ ಎಂದುಕೊಂಡು, ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ದೊಡ್ಡಮ್ಮನೂ ಮಾಡಿದರು. ಹಸಿದರೆ ತಾನಾಗಿ ಹತ್ತುತ್ತದೆ ಎಂದು ಹಾಲು ನಿಲ್ಲಿಸಿದರು. ಅದು ಹತ್ತಲಿಲ್ಲ. ಮೈ ನೆಕ್ಕಿಕೊಳ್ಳದೆ ಬೆನ್ನಿನ ಕೂದಲು ಗಂಟುಕಟ್ಟಿತು. ಹೊಸಿಲು ದಾಟಲಾರದೆ ಒಲೆಯ ಮೂಲೆಯಲ್ಲೇ ಗಲೀಜು ಮಾಡಿ ಪೊರಕೆ ಏಟು ತಿಂದಿತು.

ಒಂದು ಮಧ್ಯಾಹ್ನ ದೊಡ್ಡಮ್ಮ ಅಳುತ್ತ ನನ್ನನ್ನು ಕರೆದರು. ಕೆಂಚಿ ಏಣಿಯ ಮೊದಲ ಮೆಟ್ಟಿಲಿಗೆ ಮುಂಗಾಲಿಟ್ಟು, ಸೊಂಟ ಎತ್ತಲಾಗದೆ, ಮತ್ತೆ ಕುಳಿತುಬಿಡುತ್ತಿತ್ತು. ತಾವು ಏಣಿಯ ಮುಂದೆ ನಿಲ್ಲುವುದೂ ಹಾಗೇ ಎಂದು ಅವರಿಗೆ ಆಗ ಹೊಳೆದಿತ್ತು.

"ಕೂಗ್ಲಿಲ್ಲ ಅಂತ ನೋವಿಲ್ಲ ಅಂದ್ಕಂಡ್ನಲ್ಲೇ. ಹಾಲೂ ನಿಲ್ಸ್ಬುಟ್ನಲ್ಲ, ಪಾಪಿ ಕಣೇ ನಾನು."

ದಿಕ್ಕು ತೋಚದೆ ತಮ್ಮ ನೋವಿನ ಮಾತ್ರೆಯನ್ನೇ ಪುಡಿಮಾಡಿ ಹಾಲಿಗೆ ಬೆರೆಸಿದ್ದರು. ನಾನು ತಡೆದು ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಮನುಷ್ಯರ ಮಾತ್ರೆ ಬೆಕ್ಕಿಗೆ ವಿಷ, ಕೊಡಲೇಬೇಡಿ, ಕರೆತನ್ನಿ ಎಂದರು. ದೊಡ್ಡಮ್ಮ ಬಟ್ಟಲಿನ ಹಾಲನ್ನು ಬಚ್ಚಲಿಗೆ ಸುರಿದರು.

ಕೀಲು ಸವೆದಿದೆ, ವಾಸಿಯಾಗದು, ನೋವು ತಗ್ಗಿಸಬಹುದು ಎಂದು ಡಾಕ್ಟರು ಬೆಕ್ಕಿಗೆ ಆಗುವ ಔಷಧಿ ಕೊಟ್ಟರು. ದೊಡ್ಡಮ್ಮ ಒಲೆಯ ಪಕ್ಕ ಗೋಣಿಚೀಲ ಮಡಿಸಿ ಹಾಸಿದರು, ಕೆಂಚಿ ದಾಟಲೆಂದು ಹೊಸಿಲಿನ ಎರಡೂ ಕಡೆ ಮೆಟ್ಟಿಲಿನಂತೆ ಇಟ್ಟಿಗೆ ಜೋಡಿಸಿದರು. ಅಟ್ಟದ ಕಾಯಿ ಹಾಳಾಯಿತೆಂದು ಮಗ ಗೊಣಗಿದರೆ, ಇಲಿ ತಿನ್ನಲಿ ಬಿಡು ಎಂದು ಬಾಯಿ ಮುಚ್ಚಿಸಿದರು.

ಈ ವರ್ಷ ದೊಡ್ಡಮ್ಮನಿಗೇ ಲಕ್ವ ಹೊಡೆದು ಮಾತು ನಿಂತಿತು. ಸುಮ್ಮನೆ ಮಲಗಿರುತ್ತಾರೆ, ನೋವೇನಿಲ್ಲ ಎಂದು ಮನೆಯವರು ಸಮಾಧಾನ ಮಾಡಿಕೊಂಡರು. ಮಗ್ಗುಲು ಬದಲಿಸುವಾಗಲೆಲ್ಲ ಅವರ ಸರಿಯಿರುವ ಕೈ ಹಾಸಿಗೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದುದನ್ನು ನಾನು ನೋಡಿದೆ. ಜಗಳವಾಡಿಯೇ ಡಾಕ್ಟರನ್ನು ಕರೆಸಿದೆ. ನೋವಿನ ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೆ ಆ ಮುಷ್ಟಿ ಬಿಚ್ಚಿಕೊಂಡಿತು. ಮಾರನೇ ಬೆಳಿಗ್ಗೆ ದೊಡ್ಡಮ್ಮ ಹೋಗಿಬಿಟ್ಟರು.

ಕೂಗದವರ ನೋವನ್ನು ನೋಡುವುದು ನನಗೆ ಅವರಿಂದ ಬಂದದ್ದು. ಕೆಂಚಿಯನ್ನೂ ಆ ಇಟ್ಟಿಗೆಗಳನ್ನೂ ನಮ್ಮ ಮನೆಗೆ ತಂದುಕೊಂಡಿದ್ದೇನೆ.